ಚೀಟಿ

ಪೋರ್ಟ್‌ಲೀಷ ದಾಟಿದ ಮೇಲೆ ಸಿಗುವ ಪೆಟ್ರೋಲ್ ಬಂಕಿನಲ್ಲಿ
ಶನಿವಾರ ಹನ್ನೊಂದಕ್ಕೆ ಒಪ್ಪಿಸುವುದೆಂದು ಮಾತು.
ಹಿಂದಿನ ರಾತ್ರಿ ಅಡುಗೆಮನೆಯಲ್ಲಿ ಕೂತು
ಕರೆಂಟು ಬಿಲ್ಲಿನ ಬೆನ್ನಿಗೆ ಬರೆದೆ:

ಹೆಸರು ಮೇಬಲ್. ಇಟ್ಟವನು ಪಕ್ಕದ ಮನೆಯ ಕಿಲಿಯನ್,
ಸತ್ತುಹೋದ ತನ್ನ ಆಡಿನ ಹೆಸರು; ಬೇಡವೆನ್ನಲಾಗಲಿಲ್ಲ.
ಓಟದ ದಿನಗಳಲ್ಲಿ ಮೂರು ಪದದ ದೊಡ್ಡ ಹೆಸರಿತ್ತಂತೆ,
ಧ್ವನಿವರ್ಧಕಕ್ಕೆ ಮಾತ್ರ ಗೊತ್ತಿದ್ದದ್ದು.
ಕಿವಿ ಮಡಚಿದರೆ ಹಸಿರು ಹಚ್ಚೆಯ ಅಕ್ಷರಗಳು.
ತಿಕ್ಕಬೇಡ, ಹೋಗುವುದಿಲ್ಲ. ನಾನು ತಿಕ್ಕಿ ನೋಡಿದ್ದೇನೆ.

ಮೆಟ್ಟಿಲೆಂದರೇನೆಂದು ಗೊತ್ತಿರಲಿಲ್ಲ.
ಗಾಳಿಗೆ ಸಮಸಮ ಓಡಿದ ಕಾಲು
ಮೊದಲ ಮೆಟ್ಟಿಲ ಮುಂದೆ ನಿಂತು ನಡುಗುತ್ತಿತ್ತು.
ಒಂದೊಂದೇ ಪಾದ ಕೈಯಲ್ಲಿ ಹಿಡಿದು ಇಟ್ಟೆ,
ಹದಿಮೂರು ಮೆಟ್ಟಿಲು, ಒಂಬತ್ತು ದಿನ.
ಹತ್ತಿದ್ದಾಯಿತು. ಇಳಿಯುವುದೂ ಒಂದಿದೆಯೆಂದು
ನಮ್ಮಿಬ್ಬರಿಗೂ ಹೊಳೆದಿರಲಿಲ್ಲ;
ಇಪ್ಪತ್ತೇಳು ಕಿಲೋ ಎತ್ತಿಕೊಂಡು ಇಳಿದೆ,
ಸೊಂಟ ಈಗಲೂ ನೆನಪಿಸುತ್ತದೆ.

ಗಾಜಿನ ಬಾಗಿಲಿಗೆ ನೀಲಿ ಟೇಪು ಅಂಟಿಸು, ಡಿಕ್ಕಿಯ ಮೊದಲೇ.
ಬೆಣ್ಣೆ ಕಪಾಟಿನ ಮೇಲಿಡು. ಕಪಾಟಿನ ಮೇಲೂ ಇಡಬೇಡ.
ಒಂದು ಪೌಂಡು, ಕಾಗದ ಸಮೇತ, ನಾನು ಚಹಾ ಸೋಸುವಷ್ಟರಲ್ಲಿ;
ಆ ರಾತ್ರಿಯ ಕಾರ್ಪೆಟ್ಟಿನ ಕಥೆ ಇಲ್ಲಿ ಬೇಡ.
ಹೇರ್‌ಡ್ರೈಯರ್ ಹಾಕುವ ಮುನ್ನ ಅಂಗಳಕ್ಕೆ ಬಿಡು,
ಆ ಗುಂಯ್‌ಗೆ ಇವಳ ಹೊಟ್ಟೆ ಒಳಕ್ಕೆ ಸೇದುತ್ತದೆ;
ಹಳಿಯ ಮೇಲೆ ಬಟ್ಟೆಯ ಮೊಲ ಹೊರಟಿತೆಂದು
ಮುರಿದು ಸೊಟ್ಟಗೆ ಕೂಡಿಕೊಂಡ ಹಿಂಗಾಲು
ತಾನಾಗಿ ಸಜ್ಜಾಗುತ್ತದೆ.
ಕಣ್ಣು ತೆರೆದೇ ಮಲಗುತ್ತಾಳೆ. ಹೆದರಬೇಡ.
ಹೊರಗೆ ಹೋಗುವಾಗ ಎರಡು ಹಗ್ಗ,
ಒಂದು ಕುತ್ತಿಗೆಗೆ, ಒಂದು ಎದೆಪಟ್ಟಿಗೆ.
ಯಾವಾಗಲೂ ಎರಡು.

ಬರೆಯದೆ ಬಿಟ್ಟದ್ದೂ ಇದೆ.
ಒಂದು ಸಲ ಹೋಗಿ ವಾಪಸಾದವಳು, ಐದೇ ದಿನಕ್ಕೆ.
ಮಕ್ಕಳು ಅಂದುಕೊಂಡಂತೆ ಇಲ್ಲ ಎಂದರು, ಇಂಜಿನ್ ಆರಿಸದೆ.
ಮತ್ತೆ, ಎರಡು ಹಗ್ಗ ಯಾಕೆಂಬುದು:
ನನ್ನ ನಾಲ್ಕನೆಯದು, ಕರಿಯ, ಎದೆಗೆ ಬಿಳಿ ಚುಕ್ಕೆ,
ನಾನೇ ಒಳ್ಳೆಯ ಮನೆಯೆಂದು ಆರಿಸಿ ಕಳಿಸಿದ್ದು.
ಮೂರನೇ ಸಂಜೆ ಯಾರೋ ಕಾರಿನ ಬಾಗಿಲು ಬಡಿದರು,
ಅವರ ಕೈಯಲ್ಲಿ ಪಟ್ಟಿ ಉಳಿಯಿತು.
ಕ್ಯಾಶೆಲ್ ರಸ್ತೆಯ ಆ ತಿರುವು ಬಂದಾಗ
ಈಗಲೂ ರೇಡಿಯೋ ಆರಿಸುತ್ತೇನೆ.

ಬೊಗುಮಿಲಾ ನನಗಿಂತ ಮೊದಲೇ ಬಂದಿದ್ದಳು,
ಅಣಬೆ ಶೆಡ್ಡಿನ ಪಾಳಿ ಮುಗಿಸಿ, ತಲೆಯ ಜಾಲರಿ ಹಾಗೇ.
ಕೈ ಚಾಚಲಿಲ್ಲ, ಕರೆಯಲಿಲ್ಲ, ಅಯ್ಯೋ ಪಾಪ ಎನ್ನಲಿಲ್ಲ.
ಒದ್ದೆ ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕೂತಳು.
ನನ್ನೊಡನೆ ಇಂಗ್ಲಿಷಿನಲ್ಲಿ ಹವೆಯ ಮಾತು,
ನಡುವೆ ಪೋಲಿಷಿನಲ್ಲಿ, ಯಾರಿಗೂ ಅಲ್ಲದಂತೆ, ಇನ್ನೇನೋ.
ಮೇಬಲ್ ಹೋಗಿ ಆ ಬೆನ್ನಿಗೆ ಮೂಗು ಒತ್ತಿದಳು.
ಏಳು ತಿಂಗಳು ನಾನಾಡಿದ ಭಾಷೆಯಾದರೂ
ಇವಳಿಗೆಲ್ಲಿ ಬರುತ್ತಿತ್ತು?

ಕಾರು ಹತ್ತುವಾಗ ತಿರುಗಿ ನೋಡುತ್ತಾಳೆಂದು ಕಾದೆ.
ನೋಡಲಿಲ್ಲ. ನೋಡದಿರಲೆಂದೇ ಅಲ್ಲವೆ ಸಾಕಿದ್ದು?
ಆದರೂ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ.

ಮನೆಗೆ ಬಂದು ಕೋಟು ಬಿಚ್ಚಿದರೆ
ಜೇಬಿನಲ್ಲಿ ಚೀಟಿ.
ಫೋನಿನಲ್ಲೇ ಓದಿದೆ, ಮೊದಲಿಂದ ಕೊನೆಯವರೆಗೆ.
ಬೆಣ್ಣೆಗೆ ನಕ್ಕಳು. ಆಮೇಲೆ ಕೇಳಿದಳು, ಎರಡು ಯಾಕೆ?
ಹೇಳಿದೆ.
ಆ ಕಡೆ ಬಹಳ ಹೊತ್ತು ಮಾತಿಲ್ಲ,
ನಾಯಿ ನೀರು ಕುಡಿಯುವ ಸದ್ದು.

ಮೂರು ವಾರಕ್ಕೆ ಒಂದು ಫೋಟೋ ಬಂತು:
ಬಾಗಿಲ ಮೊಳೆಗೆ ಎರಡು ಹಗ್ಗ. ಹಳದಿ ಸೋಫಾ.
ಅಂಗಾತ ಬಿದ್ದ ಮೇಬಲ್, ನಾಲ್ಕೂ ಕಾಲು ಸೂರಿಗೆ,
ಕಣ್ಣು ಎರಡೂ ಮುಚ್ಚಿ.
ನನ್ನ ಮನೆಯಲ್ಲಿ ಒಂದು ರಾತ್ರಿಯೂ
ಹಾಗೆ ಮಲಗಿದವಳಲ್ಲ,
ಕಳ್ಳಿ.